ಕಪಿಲೆಯ ಸೊಂಡಿಲಿನಿಂದ ಹೈಡ್ರಾಲಿಕ್ ಹೋಸಿನವರೆಗೆ



ಕಳೆದ ತಿಂಗಳು ದಾಬಸ್‌ಪೇಟೆಯ ಹೆದ್ದಾರಿ ಬದಿಯ ಒಂದು ಹೋಸ್ ಅಂಗಡಿಯಲ್ಲಿ ಗಂಟೆಗೂ ಹೆಚ್ಚು ಹೊತ್ತು ಕುಳಿತಿರಬೇಕಾಯಿತು. ನಮ್ಮ ಭಾವನವರ ತೋಟದಲ್ಲಿ ಕೃಷಿ ಹೊಂಡ ತೆಗೆಯುತ್ತಿದ್ದ ಯಂತ್ರದ ಹೋಸೊಂದು ಸೀಳಿ, ಎಣ್ಣೆಯೆಲ್ಲ ಮಣ್ಣಿನ ಪಾಲಾಗಿತ್ತು. ಚಾಲಕ ಅದನ್ನು ಬಿಚ್ಚಿಕೊಂಡು ಹೊರಟಾಗ, ಮನೆಯಲ್ಲಿ ಕುಳಿತು ಮಾಡುವುದೇನೆಂದು ನಾನೂ ಜೊತೆಗೆ ಹೊರಟೆ. ಹೋಗಿ ನೋಡಿದರೆ ಅಂಗಡಿಯಾತ ನನ್ನ ಹಳೆಯ ವಿದ್ಯಾರ್ಥಿ! ಕಾಫಿ ತರಿಸಿದ, ಕುರ್ಚಿ ಒರೆಸಿ ಕೂರಿಸಿದ. ಹೊಸ ಹೋಸನ್ನು ಅಳತೆಗೆ ಕತ್ತರಿಸಿ, ತುದಿಗೆ ಉಕ್ಕಿನ ಫಿಟ್ಟಿಂಗ್ ತೊಡಿಸಿ, ಕ್ರಿಂಪಿಂಗ್ ಮೆಷಿನ್ನಿನಲ್ಲಿಟ್ಟು ಒತ್ತುತ್ತಾ ಒಂದು ಮಾತು ಕೇಳಿದ.

“ಸಾರ್, ಉಗಿಯಂತ್ರ ಯಾರು ಕಂಡುಹಿಡಿದರು, ಬಲ್ಬು ಯಾರು ಕಂಡುಹಿಡಿದರು ಅಂತೆಲ್ಲ ನೀವು ನಮಗೆ ಬಾಯಿಪಾಠ ಮಾಡಿಸಿದ್ರಿ. ನನ್ನ ಹೊಟ್ಟೆ ಹೊರೆಯೋ ಈ ಹೋಸನ್ನ ಯಾರು ಕಂಡುಹಿಡಿದರು ಅಂತ ಒಂದು ದಿನಾನೂ ಹೇಳಲಿಲ್ಲವಲ್ಲ?”

“ಗೊತ್ತಿಲ್ಲ ಕಣಯ್ಯಾ, ಓದಿ ಹೇಳ್ತೀನಿ,” ಎಂದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಆ ಮಾತು ಸ್ವಲ್ಪ ಚುಚ್ಚಿತೆಂದೇ ಹೇಳಬೇಕು. ಅಂದಿನಿಂದ ಓದಿ ಕಲೆಹಾಕಿದ್ದನ್ನು, ನನ್ನ ನೆನಪುಗಳೊಂದಿಗೆ ಬೆರೆಸಿ ಇಲ್ಲಿ ಬರೆಯುತ್ತಿದ್ದೇನೆ. ಇದು ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ, ತಡವಾಗಿ ಬಂದಿದೆ.

ಹೋಸಿನ ಚರಿತ್ರೆಯನ್ನು ಇಂಗ್ಲಿಷ್ ಪುಸ್ತಕಗಳು ಯುರೋಪಿನಿಂದ ಆರಂಭಿಸುತ್ತವೆ. ನಾನು ನಮ್ಮೂರ ಬಾವಿಯಿಂದ ಆರಂಭಿಸುತ್ತೇನೆ. ಏಕೆಂದರೆ ನನ್ನ ಕಣ್ಣಿಗೆ ಬಿದ್ದ ಮೊಟ್ಟಮೊದಲ ಹೋಸು ಕಪಿಲೆಯ ಸೊಂಡಿಲು.

ಈಗಿನ ಮಕ್ಕಳು ಕಪಿಲೆಯನ್ನು ಕಂಡಿರಲಾರರು. 1960ರ ದಶಕದಲ್ಲಿ, ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಶಿವಗಂಗೆ ಬೆಟ್ಟದ ಆಸುಪಾಸಿನ ತೋಟಗಳಲ್ಲಿ ಇನ್ನೂ ಕಪಿಲೆ ಹೊಡೆಯುತ್ತಿದ್ದರು. ಬಾವಿಯ ದಡದಲ್ಲಿ ಎರಡು ಕಲ್ಲುಕಂಬ. ಅವುಗಳ ನಡುವೆ ಎತ್ತರದಲ್ಲಿ ಒಂದು ಗಾಲಿ. ಕೆಳಗೆ, ತೊಟ್ಟಿಯ ಅಂಚಿನಲ್ಲಿ, ಒಂದು ಮರದ ಉರುಳೆ. ನೀರೆತ್ತುವುದು ನೂರು ಲೀಟರಿಗೂ ಹೆಚ್ಚು ಹಿಡಿಯುವ ತೊಗಲಿನ ಚೀಲ. ಅದರ ಮೇಲ್ಬಾಯಿಗೆ ಕಬ್ಬಿಣದ ಬಳೆ. ತಳದಲ್ಲಿ ಮಾತ್ರ ಮುಚ್ಚಿರುವುದಿಲ್ಲ. ಅಲ್ಲಿ ಆನೆಯ ಸೊಂಡಿಲಿನಂತೆ ಒಂದು ಉದ್ದನೆಯ ತೊಗಲಿನ ಕೊಳವೆ. ತಳವಿಲ್ಲದ ಚೀಲದಲ್ಲಿ ನೀರು ನಿಲ್ಲುವುದು ಹೇಗೆ? ಹುಡುಗನಾಗಿದ್ದಾಗ ಇದು ನನಗೆ ದೊಡ್ಡ ಸೋಜಿಗವಾಗಿತ್ತು.

ಉಪಾಯ ಎರಡು ಹಗ್ಗಗಳಲ್ಲಿದೆ. ದಪ್ಪ ಹಗ್ಗ ಚೀಲವನ್ನು ಹಿಡಿದು ಮೇಲಿನ ಗಾಲಿಯ ಮೇಲೆ ಹಾಯುತ್ತದೆ. ತೆಳು ಹಗ್ಗ ಸೊಂಡಿಲಿನ ತುದಿಯನ್ನು ಹಿಡಿದು ಕೆಳಗಿನ ಉರುಳೆಯ ಮೇಲೆ ಹಾಯುತ್ತದೆ. ಎರಡೂ ಒಂದೇ ನೊಗಕ್ಕೆ ಕಟ್ಟಿರುತ್ತವೆ. ಚೀಲ ಬಾವಿಯೊಳಗೆ ಏರುತ್ತಿರುವಷ್ಟು ಹೊತ್ತು ಸೊಂಡಿಲು ಮಡಿಸಿಕೊಂಡು, ತುದಿ ಮೇಲೆತ್ತಿಕೊಂಡು ಚೀಲದ ಪಕ್ಕದಲ್ಲೇ ಬರುತ್ತದೆ. ತುದಿಯು ಚೀಲದ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರುವವರೆಗೆ ಒಂದು ಹನಿಯೂ ಚೆಲ್ಲದು. ಗಾರೆ ಕೆಲಸದವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವುದೂ ಇದೇ ನಿಯಮದಿಂದ. ಚೀಲ ಬಾವಿಯ ಅಂಚನ್ನು ದಾಟಿ ಗಾಲಿಯತ್ತ ಏರಿದಾಗ, ಸೊಂಡಿಲು ಮಾತ್ರ ಉರುಳೆಯ ಮೇಲೆ ತೊಟ್ಟಿಯ ಕಡೆಗೆ ಚಾಚಿಕೊಳ್ಳುತ್ತದೆ; ಅದರ ಬಾಯಿ ತಗ್ಗುತ್ತದೆ; ನೀರು ಭೋರೆಂದು ಸುರಿಯುತ್ತದೆ. ಚೀಲವನ್ನು ಕೈಯಿಂದ ಬಗ್ಗಿಸಲು ಇನ್ನೊಬ್ಬ ಆಳು ಬೇಕಿಲ್ಲ. ಎತ್ತುಗಳ ಹಿಂದೆ ಹಗ್ಗದ ಮೇಲೆ ಕುಳಿತು ಪದ ಹೇಳುತ್ತಾ ಇಳಿಜಾರಿನಲ್ಲಿ ಇಳಿಯುವ ಒಬ್ಬನೇ ಸಾಕು.

ಬಾಗುವ ಕೊಳವೆ, ಅದನ್ನು ಚೀಲಕ್ಕೆ ಸೇರಿಸುವ ಸೋರದ ಜೋಡಣೆ, ತಾನಾಗಿ ತೆರೆದು ಮುಚ್ಚುವ ಬಾಯಿ, ಇಷ್ಟೂ ಸೇರಿದ್ದ ಸಾಧನವದು. ಇಂದಿನ ಕಾಲವಾಗಿದ್ದರೆ ಇದಕ್ಕೆ ಪೇಟೆಂಟ್ ಸಿಗುತ್ತಿತ್ತು. ಇದನ್ನು ಕಂಡುಹಿಡಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಈ ತೊಗಲಿಗೊಂದು ಕಷ್ಟವಿತ್ತು. ನಮ್ಮ ಕಡೆ ತಂಗಡಿ ಗಿಡದ ತೊಗಟೆಯಲ್ಲಿ ತೊಗಲನ್ನು ಹದ ಮಾಡುತ್ತಿದ್ದರು. (ಶಾಲೆಯ ಹಿಂದಿನ ಬಯಲಿನಲ್ಲಿ ಹಳದಿ ಹೂ ಬಿಡುತ್ತಿದ್ದ ಆ ಗಿಡ ನಿಮಗೆ ನೆನಪಿರಬಹುದು.) ನಿತ್ಯವೂ ನೆನೆದು ಒಣಗಿ, ಮತ್ತೆ ನೆನೆದು, ಆ ತೊಗಲು ಬೇಗ ಕೊಳೆಯುತ್ತಿತ್ತು, ಹೊಲಿಗೆ ಬಿಡುತ್ತಿತ್ತು. ಮದರಾಸಿನಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರ್ ಇದನ್ನು ಗಂಭೀರವಾಗಿ ಪರಿಗಣಿಸಿದರು. ಕಪಿಲೆ ಎಷ್ಟು ನೀರನ್ನು ಎಷ್ಟು ಶ್ರಮದಲ್ಲಿ ಎತ್ತುತ್ತದೆಂದು ಅಳೆದು ನೋಡಿದವರು ಅವರು. 1907ರಲ್ಲಿ ಏತ ನೀರಾವರಿಯ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. 1903ರ ಸುಮಾರಿಗೆ ಅವರು ಮದರಾಸಿನಲ್ಲಿ ಕ್ರೋಮ್ ಲವಣದಿಂದ ತೊಗಲು ಹದಮಾಡುವ ಪ್ರಯೋಗ ಆರಂಭಿಸಿದಾಗ, ನೀರಿನಲ್ಲಿ ಕೊಳೆಯದ ಕಪಿಲೆ ಚೀಲವೇ ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಕ್ರೋಮ್ ತೊಗಲೆಂದರೆ ನಾವು ಬೂಟು, ಚಪ್ಪಲಿ ಎಂದುಕೊಳ್ಳುತ್ತೇವೆ; ದಕ್ಷಿಣ ಭಾರತಕ್ಕೆ ಅದು ಬಂದ ದಾರಿಯಲ್ಲಿ ನಮ್ಮ ಬಾವಿಯೂ ಇತ್ತು. ಇದೇ ಚಾಟರ್ಟನ್ ಮುಂದೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿದ್ದರು. ಆದರೆ ಅವರೇ ಪ್ರೋತ್ಸಾಹಿಸಿದ ಎಣ್ಣೆ ಇಂಜಿನ್ ಪಂಪುಗಳು, ಆಮೇಲೆ ಬಂದ ವಿದ್ಯುತ್ ಪಂಪುಗಳು, ಕಪಿಲೆಯನ್ನೇ ಮೂಲೆಗೆ ತಳ್ಳಿದವು.

ಈಗ ಯುರೋಪಿಗೆ ಹೋಗೋಣ. ಅಲ್ಲಿ ಹೋಸು ಹುಟ್ಟಿದ್ದು ಹೊಲಕ್ಕಾಗಿ ಅಲ್ಲ, ಬೆಂಕಿಗಾಗಿ. ಆಮ್‌ಸ್ಟರ್‌ಡ್ಯಾಮ್ ನಗರದ ಯಾನ್ ವಾನ್ ಡರ್ ಹೈಡನ್ ಎಂಬಾತ (1637-1712) ವೃತ್ತಿಯಿಂದ ಚಿತ್ರಕಾರ. ಬೀದಿ, ಕಾಲುವೆ, ಇಟ್ಟಿಗೆ ಗೋಡೆಗಳನ್ನು ಒಂದೊಂದು ಇಟ್ಟಿಗೆಯೂ ಕಾಣುವಂತೆ ಬರೆದವನು. 1652ರಲ್ಲಿ ಆ ಊರಿನ ಹಳೆಯ ಪುರಭವನ ಹೊತ್ತಿ ಉರಿದದ್ದನ್ನು ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದ. ಅಂದಿನ ಬೆಂಕಿಯಂತ್ರವೆಂದರೆ ನೀರಿನ ತೊಟ್ಟಿ, ಅದರ ಮೇಲೆ ಕೈಪಂಪು, ಪಂಪಿನ ಮೇಲೆಯೇ ಬಿಗಿದ ಮೂತಿ. ಬೀದಿಯಲ್ಲಿ ನಿಂತು ಮನೆಯ ಹೊರಗೋಡೆಗೆ ನೀರು ಎರಚಬಹುದಿತ್ತೇ ಹೊರತು ಒಳಗಿನ ಉರಿಯನ್ನು ಮುಟ್ಟಲಾಗುತ್ತಿರಲಿಲ್ಲ. 1672ರಲ್ಲಿ ವಾನ್ ಡರ್ ಹೈಡನ್ ತನ್ನ ಸಹೋದರನೊಂದಿಗೆ ಸೇರಿ ಪಂಪಿಗೂ ಮೂತಿಗೂ ನಡುವೆ ಹೊಲಿದ ತೊಗಲಿನ ಕೊಳವೆಯನ್ನು ಇಟ್ಟ. ಈಗ ಮನುಷ್ಯ ಮೂತಿಯನ್ನು ಹಿಡಿದು ಮೆಟ್ಟಿಲು ಹತ್ತಿ ಉರಿಯ ಬುಡಕ್ಕೇ ಹೋಗಬಹುದಾಯಿತು.

ಆದರೆ ನಾನು ಮೆಚ್ಚುವುದು ಕೊಳವೆಯನ್ನಲ್ಲ. ಉದ್ದದ ತೊಗಲಿನ ಕೊಳವೆಯನ್ನು ಹೊರುವುದು ಕಷ್ಟ. ಒಂದು ಕಡೆ ಹರಿದರೆ ಇಡೀ ಕೊಳವೆ ವ್ಯರ್ಥ. ಆದ್ದರಿಂದ ಆತ ಅದನ್ನು ಸುಮಾರು 50 ಅಡಿಯ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ತುದಿಗೂ ಹಿತ್ತಾಳೆಯ ತಿರುಪು ಕೂಡಿಸಿದ. ಬೇಕಾದಷ್ಟು ಜೋಡಿಸಬಹುದು, ಹರಿದ ತುಂಡನ್ನು ಬಿಚ್ಚಿ ಬದಲಿಸಬಹುದು. ಹೋಸಿನ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಮನವರಿಕೆಯಾದದ್ದು ಇಷ್ಟು: ಕೊಳವೆ ಮಾಡುವುದು ಅರ್ಧ ಕೆಲಸವೂ ಅಲ್ಲ. ಜಾಣತನವೆಲ್ಲ ಖರ್ಚಾಗಿರುವುದು ಕೂಡಿಸುವ ಜಾಗದಲ್ಲಿ. ಸೋರುವುದೂ ಅಲ್ಲೇ, ಕಳಚುವುದೂ ಅಲ್ಲೇ, ಜಗಳವೂ ಅಲ್ಲೇ.

ಮುಂದಿನ ನೂರೈವತ್ತು ವರ್ಷಗಳನ್ನು ಬೇಗ ದಾಟಬಹುದು. ಹೊಲಿಗೆಯ ತೊಗಲು ಹೆಚ್ಚು ಒತ್ತಡ ತಾಳದು. 1807ರ ಸುಮಾರಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸೆಲ್ಲರ್ಸ್ ಮತ್ತು ಪೆನಾಕ್ ಎಂಬುವರು ಹೊಲಿಗೆಯ ಬದಲು ಲೋಹದ ರಿವೆಟ್ ಹೊಡೆದರು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟದೆ, ಚಳಿಗೆ ಬಿರಿಯದೆ ಉಳಿಯುತ್ತದೆಂದು ಕಂಡುಕೊಂಡ. ಪೇಟೆಂಟ್ ಪಡೆದದ್ದು 1844ರಲ್ಲಿ. ಸತ್ತದ್ದು 1860ರಲ್ಲಿ, ಸಾಲದಲ್ಲಿ. 1870ರಲ್ಲಿ ಏಕ್ರನ್ ನಗರದಲ್ಲಿ ಡಾ. ಗುಡ್‌ರಿಚ್ ಎಂಬ ವೈದ್ಯ ರಬ್ಬರ್ ಕಾರ್ಖಾನೆ ತೆರೆದಾಗ ಮೊದಲು ತಯಾರಿಸಿದ ಸರಕುಗಳಲ್ಲಿ ಹತ್ತಿಯ ಹೊದಿಕೆಯ ಬೆಂಕಿ ಹೋಸು ಒಂದು. ಅಲ್ಲಿಗೆ ತೊಗಲಿನ ಕಾಲ ಮುಗಿಯುತ್ತಾ ಬಂತು. ಪೂರ್ತಿ ಮುಗಿಯಲಿಲ್ಲ, ಸೈಕಲ್ ಪಂಪಿನೊಳಗಿನ ತೊಗಲಿನ ವಾಷರ್ ಅನ್ನು ಬಿಚ್ಚಿ, ಎಣ್ಣೆ ಸವರಿ ನಿಮಗೆ ತೋರಿಸಿದ್ದೆನಲ್ಲ, ನೆನಪಿದೆಯೇ? ಒಳಗಿನ ಒತ್ತಡ ಹೆಚ್ಚಿದಷ್ಟೂ ಅದರ ಅಂಚು ಗೋಡೆಗೆ ಇನ್ನಷ್ಟು ಅಂಟಿಕೊಳ್ಳುತ್ತದೆ. 1795ರಲ್ಲಿ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ ಸೋರದೆ ನಿಂತದ್ದೂ ಇಂಥದೇ ತೊಗಲಿನ ಬಟ್ಟಲಿನಿಂದ.

ಇನ್ನು ಜಗಳದ ವಿಷಯ. 1904ರ ಫೆಬ್ರವರಿ 7, ಭಾನುವಾರ. ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರಿ ಕೇರಿಯಲ್ಲಿ ಬೆಂಕಿ ಹತ್ತಿತು. ಊರಿನ ದಳದ ಕೈಮೀರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಗೆ ತಂತಿ ಹೋಯಿತು. ವಾಷಿಂಗ್ಟನ್ನಿನವರು ಯಂತ್ರಗಳನ್ನು ರೈಲಿಗೇರಿಸಿ ಕೆಲವೇ ಗಂಟೆಗಳಲ್ಲಿ ಬಂದಿಳಿದರು. ಯಂತ್ರವಿದೆ, ಜನವಿದ್ದಾರೆ, ಹೋಸಿದೆ, ಬೀದಿಯ ಹೈಡ್ರಂಟಿನಲ್ಲಿ ನೀರೂ ಇದೆ. ಆದರೆ ಅವರ ಹೋಸಿನ ತಿರುಪು ಬಾಲ್ಟಿಮೋರಿನ ಹೈಡ್ರಂಟಿನ ತಿರುಪಿಗೆ ಕೂಡುತ್ತಿಲ್ಲ! ಆ ಒಂದು ಕಾರಣಕ್ಕೆ ದೂರದಿಂದ ಬಂದ ಎಷ್ಟೋ ಯಂತ್ರಗಳು ನಿಷ್ಪ್ರಯೋಜಕವಾದವು. ಬೆಂಕಿ 30 ಗಂಟೆಗೂ ಹೆಚ್ಚು ಹೊತ್ತು ಉರಿದು 1500ಕ್ಕೂ ಮಿಕ್ಕಿ ಕಟ್ಟಡಗಳನ್ನು ನುಂಗಿತು. ಆಮೇಲೆ ವಿಚಾರಿಸಿ ನೋಡಿದರೆ ಆ ದೇಶದಲ್ಲಿ ಹೋಸು ಕೂಡಿಸುವ ತಿರುಪುಗಳಲ್ಲಿ 600ಕ್ಕೂ ಹೆಚ್ಚು ಬಗೆಗಳಿದ್ದವು. ಪ್ರತಿ ಊರಿಗೂ ತನ್ನದೇ ಅಳತೆ, ತನ್ನದೇ ಹೆಮ್ಮೆ. ಮರುವರ್ಷ ಎರಡೂವರೆ ಅಂಗುಲದ ಹೋಸಿಗೆ ಅಂಗುಲಕ್ಕೆ ಏಳೂವರೆ ಸುತ್ತಿನ ತಿರುಪೆಂದು ರಾಷ್ಟ್ರೀಯ ಮಾನಕ ಬಂತು.

ಮಾನಕ ಬಂದರೆ ಸಾಲದು, ಪಾಲಿಸಬೇಕು. 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟಗಳಿಗೆ ಬೆಂಕಿ ಬಿದ್ದಾಗಲೂ, ಆ ಊರಿನ ಹೈಡ್ರಂಟುಗಳ ಬಾಯಿ 3 ಅಂಗುಲದ್ದಾಗಿ, ನೆರವಿಗೆ ಬಂದವರ ಹೋಸು ಎರಡೂವರೆ ಅಂಗುಲದ್ದಾಗಿ, ನಡುವೆ ಹಾಕುವ ಅಡಾಪ್ಟರಿಗೆ ಪರದಾಡಿದರು. 25 ಜನ ಸತ್ತ ಬೆಂಕಿಯದು. ಬೇ ಏರಿಯಾದಲ್ಲಿರುವ ನನ್ನ ತಂಗಿಯ ಮಗ ಇದನ್ನು ಓದಿದರೆ ಅಲ್ಲಿಯ ಹಿರಿಯರನ್ನು ಕೇಳಿ ನೋಡಲಿ. ನಮ್ಮ ದೇಶದಲ್ಲಿ 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿ, ಮುಂದೆ ಬೆಂಕಿ ಹೋಸಿನ ಕಪ್ಲಿಂಗಿಗೂ ಐಎಸ್ 903 ಎಂಬ ಮಾನಕ ಬಂತು. ಫ್ಯಾಕ್ಟರಿಗಳ ಗೋಡೆಯ ಕೆಂಪು ಪೆಟ್ಟಿಗೆಯಲ್ಲಿ ಸುತ್ತಿಟ್ಟಿರುವ 63 ಮಿಲಿಮೀಟರಿನ ಹೋಸು ಆ ಲೆಕ್ಕದ್ದು.

ತಿರುಪಿನಲ್ಲಿ ಇನ್ನೊಂದು ತೊಡಕಿದೆ. ಒಂದು ತುದಿ ಗಂಡು, ಇನ್ನೊಂದು ಹೆಣ್ಣು. (ಅಂಗಡಿಗಳಲ್ಲಿ “ಮೇಲು, ಫೀಮೇಲು” ಎನ್ನುತ್ತಾರೆ.) ಕತ್ತಲಲ್ಲಿ, ಗಾಬರಿಯಲ್ಲಿ ಹೋಸನ್ನು ಹಿಂದುಮುಂದಾಗಿ ಹಾಸಿದರೆ ಎರಡು ಗಂಡು ಎದುರುಬದುರಾಗುತ್ತವೆ, ಮತ್ತೆ ಸುತ್ತಿ ಮತ್ತೆ ಹಾಸಬೇಕು. ಜರ್ಮನಿಯ ಆಗಸ್ಟ್ ಸ್ಟೋರ್ಜ್ ಎಂಬ ಇಂಜಿನಿಯರ್ 1882ರಲ್ಲಿ ಈ ಭೇದವನ್ನೇ ತೆಗೆದುಹಾಕಿದ. ಅವನ ಕಪ್ಲಿಂಗಿನಲ್ಲಿ ಎರಡೂ ತುದಿ ಒಂದೇ ರೂಪ. ಎದುರಿಟ್ಟು ಒಂದಿಷ್ಟು ತಿರುಗಿಸಿದರೆ ಒಂದರ ಕೊಕ್ಕೆ ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ. ನಮ್ಮ ಹೊಲಗಳಿಗೆ ಬರುವ ಬೋರ್‌ವೆಲ್ ಲಾರಿಯನ್ನು ಗಮನಿಸಿ. ಕಂಪ್ರೆಸರಿನಿಂದ ರಿಗ್ಗಿಗೆ ಗಾಳಿ ಒಯ್ಯುವ ಹೋಸಿನ ಕೂಡುಗಳಲ್ಲೂ ಹಲವು ಹೀಗೆ ಎರಡು ಕಡೆಯೂ ಒಂದೇ ತೆರನಾದ ಉಗುರಿನವು.

ರೈಲಿನಲ್ಲೂ ಹಾಗೆಯೇ. ಬೆಂಗಳೂರು-ತುಮಕೂರು ರೈಲುಮಾರ್ಗ 1884ರಲ್ಲಿ ತೆರೆಯಿತು. ನಮ್ಮ ನಿಲ್ದಾಣದಲ್ಲಿ ಗಾಡಿ ನಿಂತಾಗ ಎರಡು ಬೋಗಿಗಳ ನಡುವೆ ಜೋತಾಡುವ ಹೋಸುಗಳನ್ನು ನೋಡಿ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದಾಗ, ಹೋಸಿನ ಮೂಲಕ ಗಾಳಿ ಬಂದರೆ ಬ್ರೇಕ್ ಹಿಡಿಯುತ್ತಿತ್ತು. ಹೋಸು ಕಳಚಿದರೆ ಬ್ರೇಕೇ ಇಲ್ಲ. 1872ರಲ್ಲಿ ಆತ ಅದನ್ನು ತಲೆಕೆಳಗು ಮಾಡಿದ: ಗಾಳಿ ತುಂಬಿರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಹೋಸು ಕಳಚಿ ಗಾಳಿ ಹೋದರೆ ತಾನಾಗಿ ಹಿಡಿಯುತ್ತದೆ. ಹೋಸು ಎಂದಾದರೊಂದು ದಿನ ಕೈಕೊಡುತ್ತದೆಂದು ಮೊದಲೇ ಒಪ್ಪಿಕೊಂಡು, ಆಗಲೂ ಜೀವ ಉಳಿಯುವಂತೆ ಯೋಚಿಸಿದ್ದಾನಲ್ಲ, ಅದು ದೊಡ್ಡ ಬುದ್ಧಿ. ಹೋಸು ಕಟ್ಟುವ ಕ್ಲಿಪ್ಪಿನ ಮಾತೂ ಒಂದಿದೆ. ನಮ್ಮ ರೈತರು ಸೋರುವ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತುವುದನ್ನು ನೀವೆಲ್ಲ ನೋಡಿದ್ದೀರಿ, ಸುತ್ತಿಯೂ ಇದ್ದೀರಿ. ಅದರ ಬದಲು ಈಗ ಸ್ಕ್ರೂಡ್ರೈವರಿನಿಂದ ಬಿಗಿಯುವ ಹಲ್ಲುಪಟ್ಟಿಯ ಕ್ಲಿಪ್ಪು ಸಿಗುತ್ತದೆ. ಬ್ರಿಟಿಷ್ ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಪಟ್ಟಿ ಒಂದೇ ಹಲ್ಲಿನಷ್ಟು ಸರಿಯುತ್ತದೆ. ಬಿಟ್ಟರೂ ಹಿಂದಕ್ಕೆ ಜಾರದು. ಅಷ್ಟು ಚಿಕ್ಕ ವಸ್ತುವಿಲ್ಲದೆ ಇಂದು ಯಾವ ಕಾರೂ ಟ್ರ್ಯಾಕ್ಟರೂ ಓಡದೆಂಬಷ್ಟರ ಮಟ್ಟಿಗೆ ಹರಡಿತು.

ಇನ್ನು ನನ್ನ ಶಿಷ್ಯನ ಅಂಗಡಿಯ ಹೋಸು. ಸೀಳಿದ ಹಳೆಯ ಹೋಸನ್ನು ಆತ ನನಗೆ ಕತ್ತರಿಸಿ ತೋರಿಸಿದ. ಒಳಗೆ ರಬ್ಬರ್, ಹೊರಗೆ ರಬ್ಬರ್, ನಡುವೆ ಜಡೆಯಂತೆ ಹೆಣೆದ ಉಕ್ಕಿನ ತಂತಿಯ ಎರಡು ಪದರ. ಹೊರಮೈಯಲ್ಲಿ ‘ಆರ್2’ ಎಂದು ಅಚ್ಚು. ಅರ್ಧ ಅಂಗುಲದ ಅಂಥ ಹೋಸು ಸುಮಾರು 275 ಬಾರ್ ಒತ್ತಡದಲ್ಲಿ ಕೆಲಸ ಮಾಡಬಲ್ಲದು. ಲಾರಿಯ ಟೈರಿನಲ್ಲಿರುವುದು ಏಳೆಂಟು ಬಾರ್! ಆ ಹೆಣಿಗೆಯಲ್ಲೊಂದು ಸೊಗಸಾದ ಲೆಕ್ಕವಿದೆ. ಒತ್ತಡ ತುಂಬಿದ ಕೊಳವೆಯಲ್ಲಿ ಉದ್ದಕ್ಕೆ ಎಳೆಯುವುದಕ್ಕಿಂತ ಸುತ್ತಳತೆಯನ್ನು ಹಿಗ್ಗಿಸುವ ಎಳೆತ ಎರಡರಷ್ಟು. ಆದ್ದರಿಂದಲೇ ಹೆಣಿಗೆಯಿಲ್ಲದ ಬರಿಯ ರಬ್ಬರ್ ಕೊಳವೆ ಒಡೆದಾಗ ಉದ್ದುದ್ದಕ್ಕೆ ಸೀಳುತ್ತದೆ. ತಂತಿಗಳನ್ನು ಕೊಳವೆಯ ಅಕ್ಷಕ್ಕೆ ಸುಮಾರು 54.7 ಡಿಗ್ರಿ ಓರೆಯಾಗಿ ಹೆಣೆದರೆ ಎರಡು ಎಳೆತಗಳೂ ಸರಿತೂಗಿ, ಹೋಸು ಉದ್ದವೂ ಆಗದು, ಗಿಡ್ಡವೂ ಆಗದು. ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು: ಯಾವ ಕೋನದ ಟ್ಯಾಂಜೆಂಟಿನ ವರ್ಗ 2 ಆಗುವುದೋ ಅದೇ ಆ ಕೋನ. ‘ಟ್ರಿಗ್ನಾಮೆಟ್ರಿ ಯಾವುದಕ್ಕೆ ಉಪಯೋಗ ಸಾರ್?’ ಎಂದು ಕೇಳುತ್ತಿದ್ದವರೆಲ್ಲ ಗಮನಿಸತಕ್ಕದ್ದು.

ಇಂಥ ಹೋಸುಗಳಿಗೆ ತುದಿ ಕೂಡಿಸುವ ವಿದ್ಯೆ ಬಲಿತದ್ದು ವಿಮಾನಗಳಿಂದ. 1939ರಲ್ಲಿ ನೀಲ್ಸ್ ಕ್ರಿಸ್ಟೆನ್ಸನ್ ಎಂಬ ಡೆನ್ಮಾರ್ಕ್ ಮೂಲದ ಮುದುಕನಿಗೆ ಅಮೆರಿಕದಲ್ಲಿ ಓ-ರಿಂಗಿನ ಪೇಟೆಂಟ್ ಸಿಕ್ಕಿತು. ಕೇವಲ ಒಂದು ರಬ್ಬರ್ ಬಳೆ. ಆದರೆ ಸರಿಯಾದ ಅಳತೆಯ ಗಾಡಿಯಲ್ಲಿ ಕೂತರೆ ಸಾವಿರಾರು ಪೌಂಡು ಒತ್ತಡವನ್ನು ತಡೆಯುತ್ತದೆ. ಎರಡನೆಯ ಮಹಾಯುದ್ಧ ಅದನ್ನು ಎಲ್ಲೆಡೆ ಹಬ್ಬಿಸಿತು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದದ್ದು ಚಳಿಗೆ ಸೆಡೆತ ಇಂಥದೇ ಬಳೆಯಿಂದ.

ಇಲ್ಲಿಯವರೆಗೆ ಉತ್ಸಾಹದಿಂದ ಬರೆದೆ. ಮುಂದಿನದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನನ್ನ ಇನ್ನೊಬ್ಬ ವಿದ್ಯಾರ್ಥಿ, ಹೆಸರು ಬೇಡ, ಐಟಿಐ ಮುಗಿಸಿ ಒಂದು ಕಾರ್ಖಾನೆಗೆ ಸೇರಿದ್ದ. ಅದರ ಹೆಸರೂ ಬೇಡ. ಒಂದು ಯಂತ್ರದ ಹೋಸು ಎಲ್ಲೋ ಸಣ್ಣಗೆ ಸೋರುತ್ತಿತ್ತು. ಎಲ್ಲಿಂದ ಎಂದು ಕಾಣುತ್ತಿರಲಿಲ್ಲ. ಯಂತ್ರ ನಡೆಯುತ್ತಿರುವಾಗಲೇ ಹೋಸಿನ ಉದ್ದಕ್ಕೂ ಬೆರಳಾಡಿಸಿ ನೋಡಿದ. ಇರುವೆ ಕಚ್ಚಿದಂತಾಯಿತಂತೆ. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಗುರುತು, ರಕ್ತವೂ ಇಲ್ಲ. ಹತ್ತಿರದಲ್ಲಿ ತೋರಿಸಿದಾಗ ಮುಲಾಮು ಹಚ್ಚಿ, ಟಿಟಿ ಚುಚ್ಚಿ ಕಳಿಸಿದರು. ರಾತ್ರಿ ಕೈ ಊದಿತು; ಬೆಳಗ್ಗೆ ಬೆರಳು ಕಪ್ಪಿಟ್ಟಿತ್ತು. ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ತಡವಾಗಿತ್ತು. ಕೂದಲೆಳೆಯಂಥ ರಂಧ್ರದಿಂದ ಚಿಮ್ಮಿದ ಎಣ್ಣೆ ಚರ್ಮವನ್ನು ತೂರಿ ಬೆರಳಿನೊಳಗೆಲ್ಲ ಹರಡಿತ್ತು. ಬೆರಳನ್ನು ತೆಗೆದರು. ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಾಗ ಬಲಗೈಯನ್ನು ಲಗ್ನಪತ್ರಿಕೆಯ ಕೆಳಗೆ ಮರೆಮಾಡಿ ಹಿಡಿದಿದ್ದ. ನಾನು ನೋಡಿಯೂ ನೋಡದಂತಿದ್ದೆ.

ಅವನಿಗೆ ಪಾಸ್ಕಲನ ನಿಯಮ ಕಲಿಸಿದವನು ನಾನು. ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆದಿದ್ದ. ಆ ನಿಯಮ ಒಂದು ಬೆರಳಿಗೆ ಏನು ಮಾಡಬಲ್ಲದೆಂದು ನಾನು ಹೇಳಿರಲಿಲ್ಲ, ನನಗೇ ತಿಳಿದಿರಲಿಲ್ಲ. ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ, ಪೀಣ್ಯದಲ್ಲಿ, ಇನ್ನೆಲ್ಲೆಲ್ಲೋ ದುಡಿಯುತ್ತಿರುವ ನೀವೆಲ್ಲ ದಯವಿಟ್ಟು ಇಷ್ಟನ್ನು ಓದಿಕೊಳ್ಳಿ. ಸೋರಿಕೆ ಹುಡುಕಲು ಎಂದೂ ಕೈಯಾಡಿಸಬೇಡಿ, ಕೈಗವಸಿದ್ದರೂ ಬೇಡ. ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿ. ಬಿಚ್ಚುವ ಮೊದಲು ಯಂತ್ರ ನಿಲ್ಲಿಸಿ ಒತ್ತಡ ಇಳಿಸಿ. ಚುಚ್ಚಿದ್ದು ಎಷ್ಟೇ ಚಿಕ್ಕದಾಗಿ ಕಾಣಲಿ, ನೋವಿಲ್ಲದಿರಲಿ, ಆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, “ಒತ್ತಡದ ಎಣ್ಣೆ ಒಳಗೆ ಹೋಗಿದೆ” ಎಂದು ಸ್ಪಷ್ಟವಾಗಿ ಹೇಳಿ. ಉಳಿಯುವುದು, ಕಳೆಯುವುದು ಕೆಲವೇ ಗಂಟೆಗಳಲ್ಲಿ ತೀರ್ಮಾನವಾಗುತ್ತದೆ. ಮನೆಯಲ್ಲಿರುವ ಹೆಣ್ಣುಮಕ್ಕಳಿಗೂ ಸೊಸೆಯಂದಿರಿಗೂ ಒಂದು ಮಾತು: ಅಡುಗೆ ಅನಿಲದ ಕಿತ್ತಳೆ ಬಣ್ಣದ ಸುರಕ್ಷಾ ಹೋಸಿನ ಮೇಲೆ ಅದರ ಅವಧಿ ಅಚ್ಚಾಗಿರುತ್ತದೆ. ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಒಮ್ಮೆ ನೋಡಿ.

ಮತ್ತೆ ಬಾವಿಯ ಬಳಿಗೆ ಬರುತ್ತೇನೆ. ನಮ್ಮ ಬಾವಿಯ ಕಪಿಲೆಯ ಚೀಲವನ್ನೂ ಸೊಂಡಿಲನ್ನೂ ಹೊಲಿಯುತ್ತಿದ್ದವರು ಊರ ಹೊರಗಿನ ಕೇರಿಯ ಒಬ್ಬ ಹಿರಿಯರು. ತೊಗಲು ಹದ ಮಾಡುವುದು, ಹರಳೆಣ್ಣೆ ಸವರುವುದು, ಸೊಂಡಿಲು ಚೀಲಕ್ಕೆ ಕೂಡುವಲ್ಲಿ ತೊಗಲಿನ ದಾರದಿಂದಲೇ ಎರಡು ಸಾಲು ಹೊಲಿಗೆ ಹಾಕುವುದು, ಎಲ್ಲ ಅವರ ಕೈಕೆಲಸ. ನೀರು ಬಿದ್ದಾಗ ದಾರ ಉಬ್ಬಿ ತೂತು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಸುಗ್ಗಿಯಲ್ಲಿ ಕಣದ ಬದಿಗೆ ನಿಂತು ಆಯ ಪಡೆದು ಹೋಗುತ್ತಿದ್ದರು. ಅವರು ಹೊಲಿದ ತೊಗಲಿನಿಂದ ಬಂದ ನೀರು ನಮ್ಮ ತೋಟಕ್ಕೆಲ್ಲ ಹರಿಯುತ್ತಿತ್ತು, ನಾವು ಹುಡುಗರು ತೊಟ್ಟಿಯಲ್ಲಿ ಬಿದ್ದು ಈಜುತ್ತಿದ್ದೆವು. ಆದರೆ ಬಾಯಾರಿದಾಗ ಅವರು ಅದೇ ತೊಟ್ಟಿಗೆ ಕೈ ಹಾಕುವಂತಿರಲಿಲ್ಲ. ಯಾರಾದರೂ ಎತ್ತರದಿಂದ ಎರೆದರೆ ಬೊಗಸೆಯೊಡ್ಡಿ ಕುಡಿಯಬೇಕಿತ್ತು. ಎಂಟು ವರ್ಷದ ನಾನೂ ಎರೆದಿದ್ದೇನೆ. ನನ್ನ ತಾತನ ವಯಸ್ಸಿನ ಅವರನ್ನು ಏಕವಚನದಲ್ಲಿ ಕರೆದಿದ್ದೇನೆ, ಅದೂ ಜಾತಿಯ ಹೆಸರಿನಿಂದ. ಅವರ ಸ್ವಂತ ಹೆಸರೇನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಾನ್ ಡರ್ ಹೈಡನ್, ಸೆಲ್ಲರ್ಸ್, ಸ್ಟೋರ್ಜ್, ರಾಬಿನ್ಸನ್ ಎಂದು ಈ ಲೇಖನಕ್ಕೆ ಹೆಸರುಗಳನ್ನು ಜೋಡಿಸುತ್ತಿದ್ದಾಗ ಇದು ನನ್ನನ್ನು ಕಾಡಿತು. ಹೋದ ವಾರ ಊರಿಗೆ ಹೋಗಿದ್ದೆ. ಬಾವಿ ಮುಚ್ಚಿದ್ದಾರೆ, ಕಪಿಲೆಯ ಎರಡು ಕಲ್ಲುಕಂಬಗಳಲ್ಲಿ ಒಂದು ಉಳಿದಿದೆ, ಹಗ್ಗ ಉಜ್ಜಿದ ಗೀರುಗಳೊಂದಿಗೆ. ಆ ಹಿರಿಯರ ಮೊಮ್ಮಗ ಈಗ ಡ್ರಿಪ್ ಪೈಪು ಜೋಡಿಸುವ ಕೆಲಸ ಮಾಡುತ್ತಾರೆ. ಮನೆಯೊಳಗೆ ಕರೆದು ಕುರ್ಚಿ ಹಾಕಿದರು, ಟೀ ಕೊಟ್ಟರು. ತಾತನ ಹೆಸರೇನೆಂದು ಕೇಳಿದೆ. “ಯಾಕ್ ಸಾರ್?” ಎಂದು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಹೇಳಿದರು. ಅದನ್ನು ಇಲ್ಲಿ ಬರೆಯಬಹುದೇ ಎಂದು ಕೇಳಿದ್ದೇನೆ. ಅಣ್ಣನನ್ನು ವಿಚಾರಿಸಿ ತಿಳಿಸುತ್ತೇನೆಂದಿದ್ದಾರೆ.